ದಂಡ ಕಟ್ಟಿದ ಲಾರಿಯ ಹೊರೆ ಎಲ್ಲಿ ಇಳಿಯುತ್ತದೆ? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ.

ನಮಸ್ಕಾರ.

ಓವರ್‌ಲೋಡ್ ಲಾರಿ ಸಿಕ್ಕಿಬಿದ್ದಾಗ ಏನು ಮಾಡಬೇಕು ಎಂಬುದರಲ್ಲಿ ಮೋಟಾರು ವಾಹನ ಕಾಯ್ದೆಗೆ ಯಾವ ಗೊಂದಲವೂ ಇಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 194ನೇ ಕಲಮಿನಡಿ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ. ಹೊರೆ ಇಳಿಸುವ ಖರ್ಚೂ ತಪ್ಪಿತಸ್ಥರದೇ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಹೆಚ್ಚಿನ ಹೊರೆ ಇಳಿಯುವ ತನಕ ಗಾಡಿ ಕದಲುವಂತಿಲ್ಲ. ರಸ್ತೆಯಲ್ಲಿ ನಡೆಯುವುದು ಮೊದಲರ್ಧ ಮಾತ್ರ. ರಸೀದಿ ಹರಿದ ಮೇಲೆ ಅದೇ ಗಾಡಿ ಅದೇ ಹೊರೆ ಹೊತ್ತು ಮುಂದಿನ ಊರಿಗೆ ಹೊರಡುತ್ತದೆ.

ಇದು ಸಲ್ಲದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಕೆಲವು ರಾಜ್ಯಗಳು ಮುಂಗಡ ಹಣ ಕಟ್ಟಿಸಿಕೊಂಡು ಹೆಚ್ಚಿನ ತೂಕಕ್ಕೆ ಕಾರ್ಡು ಕೊಡುತ್ತಿದ್ದ ಕಾಲವದು. ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ನ್ಯಾಯಾಲಯ, ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚಿನ ಹೊರೆಯೊಂದಿಗೆ ಮುಂದೆ ಹೋಗಲು ಅನುಮತಿ ಸಿಕ್ಕಂತಾಗದು ಎಂದಿತು. ಹಾಗಿದ್ದೂ ಇಳಿಸದೆ ಬಿಡುವ ಪ್ರತಿ ಲಾರಿಗೂ ಸಿಗುತ್ತಿರುವುದು ಅದೇ ಕಾರ್ಡು, ಹೆಸರು ಮಾತ್ರ ರಸೀದಿ.

ಹೊರೆ ಹೆಚ್ಚುವುದು ಎಲ್ಲಿ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇವೆ. ಹತ್ತು ಚಕ್ರದ ಟಿಪ್ಪರಿನ ಒಟ್ಟು ತೂಕದ ಮಿತಿ 28 ಟನ್. ಖಾಲಿ ಗಾಡಿಯೇ ಸುಮಾರು 12 ಟನ್ ತೂಗಿದರೆ ಹೊರೆಗೆ ಉಳಿಯುವುದು 16 ಟನ್. ಕಲ್ಲು ಪುಡಿಮಾಡಿದ ಮರಳು, ಅಂದರೆ ಎಂ-ಸ್ಯಾಂಡ್, ಘನ ಮೀಟರಿಗೆ ಹೆಚ್ಚುಕಡಿಮೆ 1.7 ಟನ್ ತೂಗುತ್ತದೆ, ಅಂದರೆ ಒಂಬತ್ತೂವರೆ ಘನ ಮೀಟರಿಗೆ ಮಿತಿ ಮುಗಿಯಿತು. ಗಾಡಿಗೆ ಕೂರಿಸಿರುವ ಬಾಡಿ 14 ಘನ ಮೀಟರಿನದಾಗಿದ್ದು ಅಂಚಿನವರೆಗೆ ತುಂಬಿದರೆ 24 ಟನ್ ಹತ್ತಿರ. ಒದ್ದೆ ಮರಳಾದರೆ ಇನ್ನೂ ಹೆಚ್ಚು. ಪಕ್ಕದ ಹಲಗೆ ಎತ್ತರಿಸಿದ್ದರೆ ಕೇಳುವುದೇ ಬೇಡ. ಹೀಗಿರುವಾಗ ಚಾಲಕ ಸ್ಟೇರಿಂಗ್ ಹಿಡಿಯುವ ಮೊದಲೇ ಎಂಟು ಟನ್ ಹೆಚ್ಚಾಗಿರುತ್ತದೆ. ದಂಡ 36,000 ರೂಪಾಯಿ, ಅದು ಬೀಳುವುದು ಅವನ ತಲೆಗೆ.

ರಸ್ತೆಗಾಗುವ ಪೆಟ್ಟು ಒಟ್ಟು ತೂಕದ ಲೆಕ್ಕದಲ್ಲಿ ಏರುವುದಿಲ್ಲ, ಆಕ್ಸಲ್ (ಚಕ್ರಗಳ ಅಚ್ಚು) ಒಂದೊಂದರ ಮೇಲೆ ಬೀಳುವ ತೂಕದ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ. ಇದೇ ಗಾಡಿಯ ಹಿಂದಿನ ಜೋಡಿ ಆಕ್ಸಲಿಗೆ ಮಿತಿ 21 ಟನ್. ಅದರ ಮೇಲೆ 28 ಟನ್ ಕೂತರೆ ತೂಕ ಮೂರನೇ ಒಂದರಷ್ಟು ಹೆಚ್ಚಾಯಿತು, ಪೆಟ್ಟು ಮೂರು ಪಟ್ಟು ದಾಟಿತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿಗಳನ್ನು ಈಗಾಗಲೇ ಏರಿಸಿದೆ. ಎರಡು ಆಕ್ಸಲಿನ ಲಾರಿ 16.2ರಿಂದ 18.5 ಟನ್ನಿಗೆ, ದೊಡ್ಡ ಟ್ರೇಲರ್ 49ರಿಂದ 55 ಟನ್ನಿಗೆ ಹೋಯಿತು. ಅದರಾಚೆಗಿನ ಹೊರೆಯನ್ನು ಹಳೆಯ ಸೇತುವೆಗಳೂ, ಶಿರಾಡಿಯಂಥ ಘಾಟಿ ಇಳಿಯುವಾಗ ಕಾಯುವ ಬ್ರೇಕ್ ಡ್ರಮ್ಮುಗಳೂ ತಡೆಯಲಾರವು. ಡ್ರಮ್ಮು ಮಿತಿಮೀರಿ ಕಾದರೆ ಲೈನರ್ ಹಿಡಿತ ಬಿಡುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲದು.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು. ಹೊರೆಯನ್ನು ತುಂಬುವ ಜಾಗದಲ್ಲೇ ತಡೆಯಿರಿ. ಕ್ರಷರ್, ಗಣಿ, ಮರಳು ಯಾರ್ಡುಗಳ ಗೇಟಿನಲ್ಲಿ ತೂಕದ ಚೀಟಿಯಿಲ್ಲದೆ ಗಾಡಿ ಹೊರಬೀಳದಂತೆ ಆದೇಶ ಹೊರಡಿಸಿ. ಚೀಟಿಯಲ್ಲಿ ಒಟ್ಟು ತೂಕದ ಜೊತೆ ಆಕ್ಸಲ್ ತೂಕವೂ ಇರಲಿ, ಏಕೆಂದರೆ ಒಟ್ಟು ತೂಕ ಸರಿಯಿದ್ದರೂ ಹೊರೆ ಹಿಂದಕ್ಕೆ ಬಿದ್ದಿದ್ದರೆ ಹಿಂದಿನ ಆಕ್ಸಲ್ ಮಿತಿ ದಾಟಿರುತ್ತದೆ. ಆಕ್ಸಲ್ ತೂಗುವಾಗ ವೇಬ್ರಿಡ್ಜಿನ ಎರಡೂ ಕಡೆಯ ನೆಲ ಅದೇ ಮಟ್ಟದಲ್ಲಿರಬೇಕು, ಗಾಡಿ ನ್ಯೂಟ್ರಲ್‌ನಲ್ಲಿದ್ದು ಬ್ರೇಕ್ ಬಿಟ್ಟಿರಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ತೂಗಿದ ಅಂಕಿಯನ್ನು ನಂಬಿ ದಂಡ ಹಾಕುವುದು ಅನ್ಯಾಯ. ಕಾನೂನು ಮಾಪನ ಇಲಾಖೆಯ ಮುದ್ರೆಯ ಅವಧಿ ಮುಗಿದ ವೇಬ್ರಿಡ್ಜಿನ ಚೀಟಿ ಲೆಕ್ಕಕ್ಕೆ ಬರಬಾರದು.

ತುಂಬಿಸಿದವರನ್ನು ಹಿಡಿಯಲು ಹೊಸ ಕಾನೂನೇನೂ ಬೇಕಿಲ್ಲ. 194ನೇ ಕಲಮು ಓಡಿಸಿದವರನ್ನಷ್ಟೇ ಅಲ್ಲ, ಓಡಿಸಲು ಕಾರಣರಾದವರನ್ನೂ ಬಿಟ್ಟುಕೊಟ್ಟವರನ್ನೂ ಹೊಣೆ ಮಾಡುತ್ತದೆ. ಚಾಲಕ ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದೆಂದು 113ನೇ ಕಲಮು ಹೇಳುತ್ತದೆ. 114ನೇ ಕಲಮಿನಂತೆ ಅಧಿಕಾರಿ ಓವರ್‌ಲೋಡನ್ನು ಗಾಡಿಯ ಪರ್ಮಿಟ್ ಮೇಲೆ ನಮೂದಿಸಿ, ಪರ್ಮಿಟ್ ಕೊಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಈ ಮೂರನ್ನೂ ತನಿಖಾ ವರದಿಯ ನಮೂನೆಯಲ್ಲೇ ಕಡ್ಡಾಯ ಮಾಡಿ: ಸರಕು ತುಂಬಿಸಿದ ಜಾಗ, ಚೀಟಿ ಕೊಟ್ಟವರು, ಪರ್ಮಿಟ್ ಮೇಲಿನ ನಮೂದು.

ಕೊನೆಯದಾಗಿ, ಹೆಚ್ಚಿನ ಹೊರೆ ಇಳಿಸಿಡುವ ಯಾರ್ಡು. ಮರಳನ್ನು ಹೆದ್ದಾರಿ ಬದಿಗೆ ಸುರಿಸಲಾಗದು, ಸಿಮೆಂಟ್ ಚೀಲಗಳನ್ನು ಮಳೆಯಲ್ಲಿ ಇಳಿಸಲಾಗದು. ಜಾಗವಿಲ್ಲದ ಕಡೆ ಅಧಿಕಾರಿ ಬಿಟ್ಟು ಕಳಿಸದೆ ಏನು ಮಾಡಿಯಾನು? ತಪಾಸಣೆ ನಡೆಯುವ ಪ್ರತಿ ಮಾರ್ಗದಲ್ಲೂ ಒಂದು ಗಟ್ಟಿ ನೆಲ, ಒಂದು ಮಾಡು, ಒಂದು ಲೋಡರ್, ಇಳಿಸಿದ ಸರಕಿಗೆ ರಸೀದಿ, ಅದನ್ನು ಒಯ್ಯಲು ಇಂತಿಷ್ಟು ದಿನದ ಗಡುವು. ಖರ್ಚನ್ನು ತಪ್ಪಿತಸ್ಥರಿಂದ ವಸೂಲು ಮಾಡಲು ಕಾಯ್ದೆಯೇ ದಾರಿ ಕೊಟ್ಟಿದೆ. ಮೊದಲ ಯಾರ್ಡುಗಳು ಬಳ್ಳಾರಿ–ಹೊಸಪೇಟೆ ಕಡೆಯ ಅದಿರು ಮಾರ್ಗಗಳಲ್ಲೂ ಮಂಗಳೂರು ಬಂದರಿನ ದಾರಿಯಲ್ಲೂ ಆಗಲಿ.

ಇಂತಿ,
ಲಾರಿ ಸಾಗಣೆ ವೃತ್ತಿಯಲ್ಲಿರುವವರು