ಬುರ್ಲಿ ಹಿಂದೆ ನಾಯಿ ಬಿಡುವ ಶೋಕಿ

ಮಾನ್ಯರೇ,

ರಾಗಿ ಕೊಯ್ಲು ಮುಗಿದರೆ ಸಾಕು, ಪಾಂಡವಪುರದ ಸುತ್ತ ಹೊಲಗಳಿಗೆ ನಾಯಿ ಬಿಟ್ಟು ಬುರ್ಲಿ ಹಕ್ಕಿ (ಕ್ವೇಲ್) ಹಿಡಿಯುವ ಹುಡುಗರ ಕಾಟ ಶುರು. ಇಟಲಿ, ಗ್ರೀಸ್ ಕಡಲತೀರದ ಬೇಟೆ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ಹತ್ತಿದ ಶೋಕಿ ಇದು. ಪಾಯಿಂಟರ್ ನಾಯಿಯ ಕೆಲಸ ನೋಡುವುದಕ್ಕೆ ಚೆಂದವೇ, ಸುಳ್ಳು ಯಾಕೆ ಹೇಳಲಿ. ಕೂಳೆಯಲ್ಲಿ ವಾಸನೆ ಸಿಕ್ಕಿದ ಕೂಡಲೇ ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಹಕ್ಕಿ ಅಡಗಿದ ಕಡೆಗೇ ಮೂಗು ಚಾಚಿ ಕಲ್ಲಿನಂತೆ ನಿಂತುಬಿಡುತ್ತದೆ, ಬುರ್ಲಿಯೂ ಕೊನೇ ಗಳಿಗೆವರೆಗೆ ಅವಿತಿದ್ದು ಕಾಲಬುಡದಿಂದಲೇ ಬುರ್ರನೆ ಏಳುತ್ತದೆ.

ಆದರೆ ಆ ಇಟಲಿ, ಗ್ರೀಸ್‌ನಲ್ಲಿ ಬೇಟೆಗೆ ಲೈಸೆನ್ಸ್ ಬೇಕು, ಸೀಸನ್ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಬುರ್ಲಿ ಹಿಡಿಯುವುದೇ ಅಪರಾಧ, ಕೋವಿಯಾಗಲಿ ಬಲೆಯಾಗಲಿ. ತಿನ್ನುವ ಆಸೆಯಿದ್ದರೆ ಫಾರಂನಲ್ಲಿ ಸಾಕಿದ ಜಪಾನಿ ಕ್ವೇಲ್ ಸಿಗುತ್ತದಲ್ವಾ? ಐದಾರು ವಾರಕ್ಕೇ ಮಾಂಸಕ್ಕೆ ಬರುವ ಹಕ್ಕಿ ಅದು. ಸುಮ್ನೆ ನಮ್ಮ ಹುರುಳಿ ಹೊಲ ಯಾಕೆ ತುಳಿಯಬೇಕು! ಕೇಳಿದರೆ ನಮ್ಮ ಮೇಲೇ ರೇಗುತ್ತಾರೆ.

ಅರಣ್ಯ ಇಲಾಖೆಯವರು ಕಾಡಂಚಿಗಷ್ಟೇ ಅಲ್ಲ, ಸಂಜೆ ಹೊತ್ತು ಹೊಲಗಳ ಕಡೆಗೂ ಒಂದು ಸುತ್ತು ಬರಲಿ.

– ಒಬ್ಬ ರೈತ, ಪಾಂಡವಪುರ ತಾಲ್ಲೂಕು