ಬೆರಳಿಡಿಸುವ ಮೊದಲು ಅಜ್ಜಿಯನ್ನು ಒಂದು ಮಾತು ಕೇಳಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರ. ನಮ್ಮ ಸೋದರತ್ತೆಗೆ 79 ವರ್ಷ. ಕಣ್ಣಿಗೆ ಪೊರೆ ಬಂದಿದೆ. ಎರಡು ವರ್ಷದ ಹಿಂದೆ ಅವರ ಮಗ, "ಖಾತೆ ಸರಿ ಮಾಡಿಸಬೇಕಮ್ಮ, ಒಂದು ಸಹಿ ಅಷ್ಟೇ" ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಅತ್ತೆ ಕ್ಯಾಮೆರಾ ಮುಂದೆ ಕೂತರು, ಮೆಷಿನ್ ಮೇಲೆ ಬೆರಳಿಟ್ಟರು. ಬರುವಾಗ ಮಸಾಲೆ ದೋಸೆ ಕೊಡಿಸಿದನಂತೆ. ಆ ದೋಸೆ ಇವತ್ತಿಗೂ ನೆನಪಿದೆ, ಪತ್ರದಲ್ಲಿ ಏನಿತ್ತು ಅನ್ನುವುದು ಮಾತ್ರ ಗೊತ್ತಿಲ್ಲ.

ಅದು ದಾನಪತ್ರ. ಮಾವ ಕಟ್ಟಿಸಿದ ಮನೆ ಮಗನ ಹೆಸರಿಗೆ ಹೋಯಿತು. ಈಗ ಮುಂದಿನ ಭಾಗ ಬಾಡಿಗೆಗೆ, ಅತ್ತೆ ಹಿಂದಿನ ಕೋಣೆಗೆ. ಪಿಂಚಣಿಯ ಎಟಿಎಂ ಕಾರ್ಡೂ ಮಗನ ಜೇಬಿನಲ್ಲೇ. ಬಿಪಿ ಮಾತ್ರೆ ಮುಗಿದರೆ ಅವನನ್ನೇ ಕೇಳಬೇಕು.

ಕಾನೂನು ಇಲ್ಲ ಅಂತಲ್ಲ. ಹೆತ್ತವರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಆ ಪತ್ರ ರದ್ದು ಮಾಡಿಸಬಹುದು. ಗಂಟು ಇರುವುದು ಆ ಷರತ್ತಿನಲ್ಲೇ. ಅತ್ತೆಯ ಪತ್ರವನ್ನು ನಾನು ಎರಡು ಸಲ ಓದಿದೆ. "ಪ್ರೀತಿ ವಿಶ್ವಾಸದಿಂದ" ಅಂತಿದೆ, ನೋಡಿಕೊಳ್ಳುವ ಮಾತೇ ಇಲ್ಲ. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ 2025ರ ಜನವರಿಯಲ್ಲಿ ಹೇಳಿತು. ಮಂಡಿನೋವಿನ ಮುದುಕಿ ಇದನ್ನೆಲ್ಲ ಕಟ್ಟಿಕೊಂಡು ವಾದ ಮಾಡೋದು ಹೇಗೆ?

ಅದಿರಲಿ, ಅತ್ತೆ ದೂರನ್ನೇ ಕೊಡುವುದಿಲ್ಲ. "ಹೆತ್ತ ಮಗನ ಮೇಲೆ ಕಂಪ್ಲೇಂಟಾ? ಊರವರು ಏನಂತಾರೆ?" ಅಂತ ನನ್ನನ್ನೇ ಬೈದರು. ಹಾಗಾಗಿ ಆಮೇಲೆ ಕೊಡುವ ಪರಿಹಾರ ಇಂಥವರ ಕೈಗೆ ಸಿಗುವುದೇ ಇಲ್ಲ. ತಡೆಯಬೇಕಾದ ಜಾಗ ನೋಂದಣಿ ಕಚೇರಿ, ಅದು ನಿಮ್ಮ ಕೈಯಲ್ಲಿದೆ.

ಹಿರಿಯರು ದಾನಪತ್ರಕ್ಕೆ ಬಂದಾಗ ಮಕ್ಕಳನ್ನೂ ಪತ್ರ ಬರೆಯುವವರನ್ನೂ ಐದು ನಿಮಿಷ ಹೊರಗೆ ಕೂರಿಸಿ. "ಅಜ್ಜಿ, ಮನೆ ಬರೆದುಕೊಡ್ತಾ ಇದ್ದೀರಿ. ಇನ್ನು ಇದು ನಿಮ್ಮದಲ್ಲ, ಗೊತ್ತಾ?" ಅಂತ ಅಧಿಕಾರಿ ಕೇಳಲಿ. ಬರಲಾಗದವರ ಮನೆಗೇ ಅಧಿಕಾರಿ ಹೋಗುವ ಅವಕಾಶ ಈಗಾಗಲೇ ಇದೆ. ಅಲ್ಲಂತೂ ಇದು ಇನ್ನೂ ಜಾಸ್ತಿ ಬೇಕು, ಮಗ ಮಂಚದ ಪಕ್ಕದಲ್ಲೇ ನಿಂತಿರ್ತಾನೆ ಅಲ್ವಾ. ಸಾಯುವ ತನಕ ನೋಡಿಕೊಳ್ಳಬೇಕು, ಅದೇ ಮನೆಯಲ್ಲಿ ಇರಲು ಬಿಡಬೇಕು ಅನ್ನುವ ಸಾಲು ಪ್ರತಿ ದಾನಪತ್ರದಲ್ಲೂ ತಾನಾಗಿಯೇ ಬರಲಿ. ಬೇಡ ಅಂದರೆ ಹಿರಿಯರೇ ಬಾಯಿಬಿಟ್ಟು ಹೇಳಲಿ.

ಸುತ್ತೋಲೆ ಸಾಕೋ, ನಿಯಮ ತಿದ್ದಬೇಕೋ, ನಿಮ್ಮ ಇಲಾಖೆಯೇ ನೋಡಲಿ. ಯಾವಾಗ ಮಾಡ್ತೀರಿ ಅಂತ ಮಾತ್ರ ತಿಳಿಸಿ.

ಇಂತಿ,
ಸೋದರತ್ತೆಯ ಮನೆಯಲ್ಲಿ ಬೆಳೆದ ಒಬ್ಬ