ನವೆಂಬರ್‌ನ ಭೂತಾನ್ ಪ್ರವಾಸ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಪ್ರವಾಸದ ಪಟ್ಟಿ ನೋಡಿ ನಿಮ್ಮಲ್ಲಿ ಹಲವರು ಒಂದೇ ಮಾತು ಕೇಳಿದಿರಿ. "ರಾಜಧಾನಿ ಥಿಂಪುವಿನಲ್ಲಿ ಒಂದೇ ರಾತ್ರಿ, ಹೆಸರೇ ಕೇಳದ ಫೋಬ್ಜಿಖಾದಲ್ಲಿ ಎರಡು ರಾತ್ರಿ, ಯಾಕೆ ಮೇಡಂ?" ಕೇಳಬೇಕಾದ್ದೇ. ಅದಕ್ಕೇ ಈ ಪತ್ರ.

ಫೋಬ್ಜಿಖಾ ಸುಮಾರು 3,000 ಮೀಟರ್ ಎತ್ತರದಲ್ಲಿರುವ ಬೋಗುಣಿಯಂಥ ಕಣಿವೆ. ನಡುವೆ ಜೌಗು ಹುಲ್ಲುಗಾವಲು, ದಿಬ್ಬದ ಮೇಲೆ ಗಾಂಗ್ಟೆ ಮಠ. ಚಳಿ ಶುರುವಾದರೆ ಟಿಬೆಟ್‌ನಿಂದ ಕಪ್ಪು ಕತ್ತಿನ ಕೊಕ್ಕರೆಗಳು ಇಲ್ಲಿಗೆ ಬರುತ್ತವೆ. ಬಂದಾಗ ಮಠಕ್ಕೆ ಮೂರು ಸುತ್ತು ಹಾಕುತ್ತವೆ ಅಂತ ಊರವರ ನಂಬಿಕೆ. ಕಣಿವೆಗೆ ಕರೆಂಟ್ ತರುವಾಗ, ಹಕ್ಕಿ ತಂತಿಗೆ ಬಡಿದು ಸಾಯಬಾರದೆಂದು ಕೇಬಲನ್ನು ನೆಲದೊಳಗೇ ಹಾಕಿದರು. ಪ್ರತಿ ನವೆಂಬರ್ 11ಕ್ಕೆ ಮಠದ ಅಂಗಳದಲ್ಲಿ ಕೊಕ್ಕರೆ ಹಬ್ಬ. ಶಾಲೆಯ ಮಕ್ಕಳು ಕೊಕ್ಕರೆ ವೇಷ ಹಾಕಿ ಕುಣಿಯುತ್ತಾರೆ. ಆ ದಿನ ನಾವು ಅಲ್ಲಿರುತ್ತೇವೆ.

ನಮ್ಮ ಮಕ್ಕಳು ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತಾ ಬೆಳೆದವರು. ಅವೂ ಹಿಮಾಲಯದ ಆಚೆಯಿಂದಲೇ ಬರುತ್ತವೆ. ಅಂಥ ಅತಿಥಿಗಳಿಗೆ ಇನ್ನೊಂದು ಊರು ಏನೆಲ್ಲ ಮಾಡುತ್ತದೆ ಅಂತ ಇವರು ಕಣ್ಣಾರೆ ನೋಡಬೇಕು. ನಸುಕಿನಲ್ಲಿ ಹಕ್ಕಿ ಏಳುವುದನ್ನು ಕಾಣಬೇಕಾದರೆ ರಾತ್ರಿ ಅಲ್ಲೇ ಮಲಗಬೇಕು, ಅಲ್ವಾ? ನಾನು ಮೊದಲ ಸಲ ಹೋದಾಗ ಐದು ದಿನದಲ್ಲಿ ಏಳು ಊರು ಸುತ್ತಿದ್ದೆ. ಅದರಲ್ಲಿ ಜಾಸ್ತಿ ನೆನಪಿರುವುದು ಬಸ್ಸಿನ ಕಿಟಕಿ. ಮಕ್ಕಳಿಗೆ ಹಾಗಾಗುವುದು ಬೇಡ. ದೂರದ ಬುಮ್‌ತಾಂಗ್ ಕಣಿವೆಯನ್ನು ಈ ಕಾರಣಕ್ಕೇ ಬಿಟ್ಟಿದ್ದೇನೆ.

ವಾಪಸ್ ಬರುವಾಗ ಪುನಾಖ. ಫೋ ಛು, ಮೋ ಛು ನದಿಗಳು ಸೇರುವ ಕಡೆ 1637ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ-ಮಠವಿದೆ. ಜನ ಈ ನದಿಗಳನ್ನು ಗಂಡು, ಹೆಣ್ಣು ಎನ್ನುತ್ತಾರೆ. 1907ರಲ್ಲಿ ಮೊದಲ ರಾಜ ಉಗ್ಯೆನ್ ವಾಂಗ್‌ಚುಕ್ ಪಟ್ಟಕ್ಕೇರಿದ್ದು ಇಲ್ಲೇ. ಊರು ತಗ್ಗಿನಲ್ಲಿದೆ, ಬೆಚ್ಚಗಿರುತ್ತದೆ, ಭತ್ತದ ಗದ್ದೆಗಳಿವೆ. ಮಕ್ಕಳಿಗೆ ಮನೆಯ ನೆನಪಾಗಬಹುದು.

ಕೊನೆಗೆ ಪಾರೋ. ಬಂಡೆಗೆ ಅಂಟಿಕೊಂಡಂತಿರುವ ತಕ್‌ತ್ಸಾಂಗ್ ಮಠ ಕಣಿವೆಯಿಂದ ಸುಮಾರು 900 ಮೀಟರ್ ಮೇಲಿದೆ. 1692ರಲ್ಲಿ ಕಟ್ಟಿದ್ದು, 1998ರಲ್ಲಿ ಬೆಂಕಿಗೆ ಸಿಕ್ಕಿತು. ಮತ್ತೆ ಹಾಗೇ ಕಟ್ಟಿ ನಿಲ್ಲಿಸಿದ್ದಾರೆ. ಎತ್ತರದ ಗಾಳಿಗೆ ಮೈ ಹೊಂದಿಕೊಂಡ ಮೇಲೆ ಹತ್ತಲಿ ಅಂತ ಕೊನೆಯ ದಿನಕ್ಕೆ ಇಟ್ಟಿದ್ದೇನೆ. ಉಬ್ಬಸ ಇರುವ ಮಕ್ಕಳ ವಿಷಯ ದಯವಿಟ್ಟು ಮೊದಲೇ ತಿಳಿಸಿ. ಅವರ ಜೊತೆ ಒಬ್ಬ ಶಿಕ್ಷಕರು ಕೆಳಗೇ ಉಳಿಯುತ್ತಾರೆ.

ಆಧಾರ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟ್, ಇಲ್ಲದಿದ್ದರೆ ಜನನ ಪ್ರಮಾಣ ಪತ್ರ ಕೊಡಿ. ಭೂತಾನ್ ಸರ್ಕಾರ ಒಂದು ರಾತ್ರಿಗೆ ಒಬ್ಬರಿಗೆ 1,200 ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತದೆ. ಅದು ನಿಮಗೆ ಹೇಳಿದ ಮೊತ್ತದಲ್ಲೇ ಸೇರಿದೆ. ಹಣ ಹೊಂದಿಸುವುದು ಕಷ್ಟವಾದರೆ ಸಂಕೋಚ ಬೇಡ, ಸಂಜೆ ಶಾಲೆ ಬಿಟ್ಟ ಮೇಲೆ ಬನ್ನಿ, ನನ್ನ ಹತ್ತಿರವೇ ಮಾತಾಡಿ. ಫೋಬ್ಜಿಖಾದ ರಾತ್ರಿಗಳಿಗೆ ಒಂದು ಉಣ್ಣೆ ಟೋಪಿ, ಎರಡು ಜೊತೆ ದಪ್ಪ ಕಾಲುಚೀಲ ಕಳಿಸಲು ಮರೆಯಬೇಡಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ